ಮದುಮಗಳ ಜಾಗದಲ್ಲಿ ನಿಂತವಳು

“ಫೋಟೋದಲ್ಲಿ ಮದುಮಗ, ಮದುಮಗಳು ಒಟ್ಟಿಗೆ ಇರಬೇಕು. ಆದರೆ ಇಬ್ಬರೂ ಒಟ್ಟಿಗೆ ನಿಲ್ಲಬಾರದು. ಆಗ್ತದಾ ನಿಮ್ಮಿಂದ?”

ಪರದೆಯ ಆಚೆ ಹೆಂಗಸೊಬ್ಬಳು ಕೇಳಿದ ಪ್ರಶ್ನೆಗೆ ನೀಲಾವತಿಗೆ ನಗು ಬಂತು. ಸುಳ್ಯದ ಬಸ್‌ಸ್ಟ್ಯಾಂಡಿನ ಎದುರಿನ ಆ ಸ್ಟುಡಿಯೋಕ್ಕೆ ಎಂತೆಂಥವರೋ ಬರುತ್ತಿದ್ದರು. ಇಂಥ ಬೇಡಿಕೆ ಮಾತ್ರ ಇದೇ ಮೊದಲು.

“ಅಕ್ಕ, ಸ್ವಲ್ಪ ಮೆಲ್ಲ ಮಾತಾಡಿ...”

ನೀಲಾವತಿಯ ನಗು ಅಲ್ಲಿಗೇ ನಿಂತಿತು.

ಆ ದನಿ!

ಎಂಟು ತಿಂಗಳಾಗಿತ್ತು ಆ ದನಿ ಕೇಳದೆ. ಆದರೂ ಒಂದೇ ಮಾತಿಗೆ ಗುರುತು ಸಿಕ್ಕಿತು. ತೀರ್ಥರಾಮ... ಕಲ್ಲುಗುಂಡಿಯ ತೀರ್ಥರಾಮ. ಊರೂರಿಗೆ ಕರೆಂಟಿನ ತಂತಿ ಎಳೆಯುವ ಲೈನ್‌ಮ್ಯಾನ್. ಕಳೆದ ವರ್ಷ, ಎಪ್ಪತ್ತೇಳರ ದೀಪಾವಳಿಯ ಹೊತ್ತಿಗೆ, ತೀರಿಹೋದ ತಾಯಿಯ ಹರಿದ ಫೋಟೋವೊಂದನ್ನು ಸರಿ ಮಾಡಿಸಲು ಬಂದಿದ್ದ. ಸರಿ ಮಾಡಿದವಳು ನೀಲಾವತಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮರ್ಕಂಜದಿಂದ ದಿನಾ ಬಸ್ಸಿನಲ್ಲಿ ಬಂದು ಇಲ್ಲಿ ನೆಗೆಟಿವ್‌ಗಳನ್ನು ತಿದ್ದುವುದೇ ಅವಳ ಕೆಲಸ.

“ನೀವು ನನ್ನ ಅವ್ವನನ್ನು ನೋಡಿಯೇ ಇಲ್ಲ. ಆದರೂ ಕಣ್ಣು ಅವರದ್ದೇ ಬಂದಿದೆ,” ಎಂದು ಅವತ್ತು ಅವನು ಹೇಳಿದ್ದ. ಆಮೇಲೂ ಕಾರಣ ಹುಡುಕಿಕೊಂಡು ನಾಲ್ಕು ಸಲ ಬಂದಿದ್ದ. ಅವಳು ಒಂದು ಸಲವೂ ತಲೆ ಎತ್ತಿ ಸರಿಯಾಗಿ ಮಾತಾಡಿರಲಿಲ್ಲ. ಅವನು ಹೋದ ಮೇಲೆ ಮಾತ್ರ, ಅವನು ಕುಳಿತಿದ್ದ ಬೆಂಚನ್ನು ನೋಡುತ್ತಿದ್ದಳು.

ಆಮೇಲೆ ಒಂದು ದಿನ ಬರುವುದನ್ನೇ ಬಿಟ್ಟ.

ಇವತ್ತು ಬಂದಿದ್ದಾನೆ... ಮದುಮಗನಾಗಿ!

ಹೊರಗೆ ಅವನ ಅಕ್ಕ ಶೀಲಾವತಿ ಸ್ಟುಡಿಯೋದ ಯಜಮಾನ ಪೋಕರ್ ಬ್ಯಾರಿಗೆ ವಿಷಯ ಬಿಡಿಸಿ ಹೇಳುತ್ತಿದ್ದಳು.

“ಮೊನ್ನೆ ವೀಳ್ಯಶಾಸ್ತ್ರ ಆಗಿ ಮದುವೆ ನಿಶ್ಚಯ ಆಯ್ತು. ಹುಡುಗಿ ಜಾಲ್ಸೂರಿನವಳು, ಪಂಕಜಾಕ್ಷಿ ಅಂತ. ಅವಳ ಅಣ್ಣ ಇರುದು ಮಸ್ಕತ್ತಿನಲ್ಲಿ, ಮದುವೆಗೆ ರಜೆ ಇಲ್ಲ. ಇಬ್ಬರೂ ಜೊತೆಗಿರುವ ಫೋಟೋ ಈಗಲೇ ಕಳಿಸಿ, ಪೋಕರ್ ಬ್ಯಾರಿಗಳಲ್ಲೇ ತೆಗೆಸಿ ಅಂತ ಅವನ ಕಾಗದ. ಹುಡುಗಿಯ ಅಜ್ಜಿಯದ್ದು ಬೇರೆಯೇ ಹಟ. ಧಾರೆಗೆ ಮೊದಲು ಗಂಡು ಹೆಣ್ಣು ಒಟ್ಟಿಗೆ ನಿಂತರೆ ನಾನು ಚಪ್ಪರಕ್ಕೇ ಬರುದಿಲ್ಲ ಅಂತಾರೆ!”

“ಫೋಟೋದಲ್ಲಿ ಒಟ್ಟಿಗೆ ನಿಲ್ಲಬಹುದಂತಾ?”

“ಫೋಟೋ ಕಾಗದ ಅಲ್ವಾ ಬ್ಯಾರಿಗಳೇ. ಕಾಗದಕ್ಕೆ ಶಾಸ್ತ್ರ ಇಲ್ಲವಂತೆ.”

ಪೋಕರ್ ಬ್ಯಾರಿ ಹೊಟ್ಟೆ ಕುಲುಕಿಸಿ ನಕ್ಕರು. “ಆಗ್ತದೆ ಮಾರಾಯ್ತಿ. ಇವತ್ತು ಹುಡುಗ, ಬುಧವಾರ ಹುಡುಗಿ. ಎರಡನ್ನೂ ಸೇರಿಸುದು ನಮ್ಮ ನೀಲಾವತಿಯ ಕೈಕೆಲಸ.”



“ನೀಲಾವತಿ...? ಮರ್ಕಂಜದ ಹುಡುಗಿಯಾ?” ಶೀಲಾವತಿಯ ದನಿ ಇಳಿದಿತ್ತು.

“ಹೌದು. ನಿಮಗೆ ಗೊತ್ತುಂಟಾ?”

“ಇಲ್ಲ, ಇಲ್ಲ... ಸುಮ್ಮನೆ ಕೇಳಿದೆ.”

“ಜಾಲ್ಸೂರಿನ ಹುಡುಗಿ ಎತ್ತರದವಳು ಅಲ್ವಾ? ಇವರ ಪಕ್ಕ ಅಷ್ಟೇ ಎತ್ತರದವರು ಒಬ್ಬರು ನಿಲ್ಲಬೇಕು. ಒಬ್ಬರೇ ನಿಂತರೆ ಬೇಲಿಗೂಟದ ಹಾಗೆ ಕಾಣ್ತಾರೆ. ಆಮೇಲೆ ಆ ಪಕ್ಕದವರನ್ನು ಅಳಿಸಿ, ಅಲ್ಲಿಗೆ ಮದುಮಗಳನ್ನು ತರುದು.”

“ನಾನೇ ನಿಲ್ತೇನೆ!” ಎಂದಳು ಶೀಲಾವತಿ, ಅವಸರದಿಂದ.

“ನೀವಾ? ನೀವು ಇವರ ಮೊಣಕೈಗೆ ಬರ್ತೀರಿ. ಮಸ್ಕತ್ತಿನವರು ನೋಡಿ, ತಂಗಿ ಗಿಡ್ಡ ಆದದ್ದು ಯಾವಾಗ ಅಂತ ಕೇಳಿಯಾರು! ನೀಲಾವತೀ... ಬಾ ಮಗಾ ಇಲ್ಲಿ!”

ಬರುವುದಿಲ್ಲ ಎನ್ನಬೇಕು ಎಂದುಕೊಂಡಳು. ಅನ್ನಲು ನಾಲಿಗೆ ಏಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಎಂದೂ ಎದ್ದದ್ದಲ್ಲ ಅದು.

ಪರದೆ ಸರಿಸಿ ಹೊರಬಂದಳು. ತೀರ್ಥರಾಮ ಅವಳನ್ನು ನೋಡಿದ. ನೋಡಿ, ಗೋಡೆಯ ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿದ.

*

ಒಳಕೋಣೆಯಲ್ಲಿ ಎರಡು ದೊಡ್ಡ ದೀಪಗಳ ಶಾಖ. ಹಿಂದೆ ಹೂದೋಟ ಬರೆದ ಪರದೆ. ಶೀಲಾವತಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತಳು. ಪೋಕರ್ ಬ್ಯಾರಿ ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರು.

“ಇನ್ನೂ ಹತ್ತಿರ! ಭುಜಕ್ಕೆ ಭುಜ ತಾಗಬೇಕು.”

ತಾಗಿತು.

ಹೊಸ ಶರಟಿನ ಗಂಜಿ ವಾಸನೆ... ಅವಳು ಉಸಿರನ್ನು ಸಣ್ಣದು ಮಾಡಿಕೊಂಡಳು.

“ಇಲ್ಲಿಗೆ ಬರುವ ಮನಸ್ಸು ನನಗಿರಲಿಲ್ಲ,” ಎಂದ ಅವನು ತುಟಿ ಆಡಿಸದೆ, ಅವಳಿಗೊಬ್ಬಳಿಗೇ ಕೇಳುವ ಹಾಗೆ. “ಜಾಲ್ಸೂರಿನವರು ಇಲ್ಲಿಯೇ ಆಗಬೇಕು ಅಂದರು. ನಿಮಗೆ ಬೇಸರ ಆಗಿದ್ದರೆ...”

“ನನಗೆ ಎಂತ ಬೇಸರ?”

“ಬೇಡ ಅಂದವರ ಎದುರು ಬಂದು ನಿಲ್ಲುದು ಅಂದರೆ...”

“ಯಾರು ಬೇಡ ಅಂದದ್ದು?”

“ನೀವು.”

ಅವಳ ಕಿವಿ ಗುಂಯ್ ಎಂದಿತು. “ನಾನಾ? ಯಾರಿಗೆ?”

“ಅಕ್ಕ ನಿಮ್ಮ ಮನೆಗೆ ಬಂದು ಕೇಳಿದ್ದರಲ್ಲ... ಹುಡುಗಿಗೆ ಮನಸ್ಸಿಲ್ಲ ಅಂತ...”

“ನಮ್ಮ ಮನೆಗೆ ಯಾರೂ ಬರಲಿಲ್ಲ!”

ಅವನು ಗಕ್ಕನೆ ತಿರುಗಿದ.

“ಅಯ್ಯೋ, ಮುಖ ಮುಂದೆ ಮಾರಾಯ್ರೆ!” ಬಟ್ಟೆಯೊಳಗಿಂದ ಕೂಗು ಬಂತು. “ನೀವಿಬ್ಬರು ಪಿಸಿಪಿಸಿ ಮಾಡಿದರೆ ನನ್ನ ಫಿಲ್ಮು ಹಾಳಾಗ್ತದೆ. ಅಲುಗಬಾರದು! ಒಂದು...”

ಅವಳು ಅಲುಗಲಿಲ್ಲ.

“ಎರಡು...”

ಅವನು ಕೇಳಿಸಿದ್ದ! ಅವಳನ್ನು ಕೇಳಿ ಬನ್ನಿ ಎಂದು ಅಕ್ಕನನ್ನು ಕಳಿಸಿದ್ದ... ಎಂಟು ತಿಂಗಳು ಅವಳು, ತನ್ನಂಥವಳ ನೆನಪು ಯಾರಿಗೆ ಇರುತ್ತದೆ ಎಂದುಕೊಂಡು ಮೂಕಳಾಗಿ ಪೆನ್ಸಿಲ್ ಹಿಡಿದು ಕುಳಿತಿದ್ದಳು. ಅಷ್ಟೂ ದಿನ ಅವನು, ಬೇಡ ಎನಿಸಿಕೊಂಡವನಾಗಿ ಕಂಬ ಹತ್ತಿ ಇಳಿದಿದ್ದ.

“ಮೂರು!”

ದೀಪ ಆರಿತು.

*

ತೀರ್ಥರಾಮ ಯಾರಿಗೂ ಏನೂ ಹೇಳದೆ ರಸ್ತೆಗೆ ಇಳಿದು ಹೋದ. ಅವರ ಪಿಸುಮಾತು ಎಂತದೆಂದು ಊಹಿಸಿದ ಶೀಲಾವತಿ ಮಾತ್ರ ಎದ್ದು ಬಂದು ನೀಲಾವತಿಯ ಎದುರು ನಿಂತಳು.

“ಆ ಕತ್ತಲೆ ಕೋಣೆ ಎಲ್ಲಿ? ನನಗೆ ಒಮ್ಮೆ ನೋಡಬೇಕು.”

ನೀಲಾವತಿ ಬಾಗಿಲು ತೆರೆದಳು. ಇಬ್ಬರು ನಿಂತರೆ ತುಂಬುವ ಜಾಗ. ನೀರಿನ ಎರಡು ತಟ್ಟೆ, ಒಂದು ಕೆಂಪು ಬಲ್ಬು, ದಾರದಲ್ಲಿ ಒಣಗಲು ತೂಗುಹಾಕಿದ ಯಾರದೋ ಮಗುವಿನ ಫೋಟೋ.

“ಇಷ್ಟೇನಾ?”

“ಇಷ್ಟೇ. ಬೆಳಕು ಬಿದ್ದರೆ ಫೋಟೋ ಕರಿಯಾಗ್ತದೆ. ಅದಕ್ಕೆ ಕತ್ತಲೆ.”

ಶೀಲಾವತಿ ಬಾಗಿಲ ದಾರಂದ ಹಿಡಿದುಕೊಂಡಳು. “ನಾನು ಮರ್ಕಂಜದಲ್ಲಿ ಬಸ್ಸು ಇಳಿದಿದ್ದೆ. ನಿಮ್ಮ ಮನೆಯ ದಾರಿ ಕೇಳಿದಾಗ ಅಲ್ಲೊಬ್ಬರು, ಆ ಹುಡುಗಿ ದಿನವಿಡೀ ಪೇಟೆಯಲ್ಲಿ ಕತ್ತಲೆ ಕೋಣೆಯಲ್ಲಿ ಕೆಲಸ ಮಾಡುದು ಅಂದರು. ನನಗೆ ಎಂತೆಂತದೋ ಕೆಟ್ಟ ಯೋಚನೆ ಬಂತು... ಅದೇ ಬಸ್ಸು ತಿರುಗಿ ಬರುವಾಗ ಹತ್ತಿ ಬಂದೆ. ನಿಮಗೆ ಮನಸ್ಸಿಲ್ಲ ಅಂತ ತಮ್ಮನಿಗೆ ನಾನೇ ಹೇಳಿದೆ.”

ನೀಲಾವತಿ ದಾರದ ಫೋಟೋ ಒಣಗಿದೆಯಾ ಎಂದು ಮುಟ್ಟಿ ನೋಡಿದಳು.

“ಬೈಯಿರಿ ನನಗೆ. ಒಂದು ಮಾತಾದರೂ ಬೈಯಿರಿ ತಂಗಿ!”

ಬೈಯಲೂ ಬರುತ್ತಿರಲಿಲ್ಲ ಅವಳಿಗೆ. “ಬಸ್ಸಿಗೆ ಹೊತ್ತಾಗ್ತದೆ ನಿಮಗೆ,” ಎಂದಳು ಅಷ್ಟೇ.

*

ಬುಧವಾರ ಪಂಕಜಾಕ್ಷಿ ಬಂದಳು.

ಅವಳನ್ನು ದ್ವೇಷಿಸಬೇಕೆಂದು ನೀಲಾವತಿ ಬೆಳಗ್ಗಿನಿಂದ ತಯಾರಾಗಿ ಕುಳಿತಿದ್ದಳು. ಆದರೆ ಅದಕ್ಕೂ ಆ ಹುಡುಗಿ ಅವಕಾಶ ಕೊಡಲಿಲ್ಲ.

“ಅಕ್ಕ, ನನ್ನ ಮೂಗು ಸ್ವಲ್ಪ ಸಣ್ಣ ಮಾಡ್ಲಿಕ್ಕೆ ಆಗ್ತದಾ ನಿಮ್ಮ ಪೆನ್ಸಿಲಿನಲ್ಲಿ? ನನ್ನ ಅಣ್ಣನಿಗೆ ಇದೇ ಮೂಗು. ಅವನಿಗೆ ಬೇಸರ ಆಗಬಾರದು ಅಂತ ಇಷ್ಟು ದಿನ ಇಟ್ಟುಕೊಂಡಿದ್ದೇನೆ!”

ಹೊರಗೆ ಬೆಂಚಿನಲ್ಲಿ ಕುಳಿತಿದ್ದ ಅಜ್ಜಿ ತಿಮ್ಮಕ್ಕ ಗದರಿದರು. “ಹಲ್ಲು ಮುಚ್ಚು ಕೂಸೇ. ಮದುಮಗಳು ಹಾಗೆಲ್ಲ ನಗುದಲ್ಲ.”

“ಅಳುವ ಫೋಟೋ ಮಸ್ಕತ್ತಿಗೆ ಹೋದರೆ ಅಣ್ಣ ವಿಮಾನ ಹತ್ತಿಯಾನು ಅಜ್ಜಿ!”

ನೀಲಾವತಿ ಅವಳ ಸೆರಗಿನ ನೆರಿಗೆ ಸರಿಮಾಡಲು ಬಗ್ಗಿದಳು. ಆಗ ಪಂಕಜಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿರುವುದು ಕಂಡಿತು.

“ಹೆದರಿಕೆಯಾ?”

“ಹೆದರಿಕೆಯೇ.” ನಗು ಮಾಯವಾಗಿತ್ತು. “ನನಗೆ ಒಂದು ಸಲ ವೀಳ್ಯ ಆಗಿ ತಪ್ಪಿಹೋಗಿದೆ ಅಕ್ಕ, ಎರಡು ವರ್ಷ ಹಿಂದೆ. ಆ ಹುಡುಗನಿಗೆ ಬೇರೆ ಯಾರೋ ಇದ್ದರಂತೆ. ಜನ ಮಾತ್ರ ನನ್ನಲ್ಲಿಯೇ ಎಂತದೋ ಉಂಟು ಅಂದರು. ಆಮೇಲೆ ಒಬ್ಬರೂ ಕೇಳಿ ಬರಲಿಲ್ಲ. ಈ ಫೋಟೋ ಅಣ್ಣನ ಕೈ ಸೇರಿದ ಮೇಲೆ ಯಾರೂ ತಪ್ಪಿಸ್ಲಿಕ್ಕೆ ಆಗುದಿಲ್ಲ ಅಂತ ನನಗೊಂದು ಹುಚ್ಚು ಧೈರ್ಯ... ಚೆಂದ ಮಾಡಿ ಸೇರಿಸಿ, ಆಯ್ತಾ? ಅಂಟಿಸಿದ ಹಾಗೆ ಕಾಣಬಾರದು.”

“ಕಾಣುದಿಲ್ಲ,” ಎಂದಳು ನೀಲಾವತಿ. ತನ್ನ ದನಿಯೇ ತನಗೆ ದೂರದಿಂದ ಕೇಳಿಸಿತು.

ಮರುದಿನ ಬೆಳಗ್ಗೆ ಕಿಟಕಿಯ ಬೆಳಕಿಗೆ ನೆಗೆಟಿವ್ ಹಿಡಿದಳು. ಅವನು. ಪಕ್ಕದಲ್ಲಿ ತಾನು. ಭುಜಕ್ಕೆ ಭುಜ... ಹುಟ್ಟಿದ ಮೇಲೆ ಅವಳದೆಂದು ತೆಗೆದ ಮೊದಲ ಫೋಟೋ ಅದು. ಜಗತ್ತಿನ ಮುಖಗಳನ್ನೆಲ್ಲ ತಿದ್ದುವವಳು ಒಮ್ಮೆಯೂ ಕ್ಯಾಮೆರಾದ ಎದುರು ನಿಂತವಳಲ್ಲ.

ಚೆಂದವಿದ್ದರು ಇಬ್ಬರೂ. ಅದೇ ದೊಡ್ಡ ಸಂಕಟ!

ಸಪೂರ ಬ್ರಶ್ಶನ್ನು ಕೆಂಪು ಬಣ್ಣದಲ್ಲಿ ಅದ್ದಿದಳು. ಬಣ್ಣ ಬಳಿದ ಜಾಗ ಕಾಗದದ ಮೇಲೆ ಬಿಳಿಯಾಗಿ ಉಳಿಯುತ್ತದೆ. ಆ ಬಿಳಿಯಲ್ಲಿ ಪಂಕಜಾಕ್ಷಿ ಬಂದು ನಿಲ್ಲುತ್ತಾಳೆ.

ಮೊದಲು ಪಾದ. ಮತ್ತೆ ಸೀರೆ. ಮತ್ತೆ ಕೈ. ಮುಖವನ್ನು ಕೊನೆಗೆ ಉಳಿಸಿದ್ದಳು. ಬಹಳ ಹೊತ್ತು ನೋಡಿದಳು. ಮತ್ತೆ ಅದನ್ನೂ ಮುಚ್ಚಿದಳು. ಅವನ ಭುಜದ ಅಂಚು ಒಂದು ಕೂದಲೆಳೆಯಷ್ಟೂ ಹಾಳಾಗದ ಹಾಗೆ.

“ಎಂತ ಮಗಾ, ಊಟಕ್ಕೆ ಏಳುದಿಲ್ಲವಾ?” ಪೋಕರ್ ಬ್ಯಾರಿ ಇಣುಕಿದರು. ಅವಳ ಮುಖ ನೋಡಿದರು, ನೆಗೆಟಿವ್ ನೋಡಿದರು. ಆಮೇಲೆ ಏನೂ ಕೇಳದೆ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.

*

ಶನಿವಾರ ಮಧ್ಯಾಹ್ನ ತೀರ್ಥರಾಮ ಒಬ್ಬನೇ ಬಂದ. ಮುಖ ಬಾಡಿತ್ತು. ಪೋಕರ್ ಬ್ಯಾರಿ ನಮಾಜಿಗೆ ಹೋಗಿದ್ದರು.

ಅವಳು ಫೋಟೋದ ಲಕೋಟೆ ಮುಂದಿಟ್ಟಳು. ಅವನು ತೆರೆಯಲಿಲ್ಲ.

“ಅಕ್ಕ ಎಲ್ಲ ಹೇಳಿದರು. ಅತ್ತರು. ಮೂರು ದಿನದಿಂದ ನಾನು ಅವರ ಹತ್ತಿರ ಮಾತಾಡಿಲ್ಲ.”

“ಮಾತಾಡಿ. ಅವರು ಕತ್ತಲೆ ಕೋಣೆ ನೋಡಿ ತಪ್ಪು ಒಪ್ಪಿಕೊಂಡರು. ಎಷ್ಟು ಜನ ಹಾಗೆ ಮಾಡ್ತಾರೆ?”

ಅವನು ಬೆರಗಾಗಿ ಅವಳನ್ನು ನೋಡಿದ. ಅವಳು ಇಷ್ಟು ಉದ್ದ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

“ನಾನು ಇವತ್ತೇ ಜಾಲ್ಸೂರಿಗೆ ಹೋಗ್ತೇನೆ. ಇದು ಆಗುದಿಲ್ಲ ಅಂತ ಹೇಳಿ ಬರ್ತೇನೆ. ನಿಮಗೆ ನನ್ನ ಮೇಲೆ ಮನಸ್ಸಿತ್ತಾ, ಇಲ್ಲವಾ? ಅಷ್ಟು ಹೇಳಿದರೆ ಸಾಕು. ಉಳಿದದ್ದು ನನಗಿರಲಿ.”

ಮನಸ್ಸಿತ್ತು... ಉಂಟು... ಇರುತ್ತದೆ! ಎದೆಯೊಳಗೆ ಯಾರೋ ಕಿರುಚಿದ ಹಾಗಾಯಿತು. ಒಂದು ಮಾತು ಸಾಕು. ಆ ಮಾತಿಗೆ ಇವನು ಇವಳವನಾಗುತ್ತಾನೆ. ಆ ಮಾತಿಗೆ ಜಾಲ್ಸೂರಿನಲ್ಲಿ ಒಬ್ಬಳು, ನಗುವ ಒಬ್ಬಳು, ಎರಡನೆಯ ಸಲ ತಪ್ಪಿಹೋದವಳಾಗಿ ಮನೆಯೊಳಗೆ ಉಳಿಯುತ್ತಾಳೆ.

“ಆ ಹುಡುಗಿಗೆ ಒಮ್ಮೆ ವೀಳ್ಯ ತಪ್ಪಿದೆ. ನಿಮಗೆ ಗೊತ್ತುಂಟಾ?”

“...ಗೊತ್ತುಂಟು.”

“ಇನ್ನೊಮ್ಮೆ ತಪ್ಪಿದರೆ?”

ಅವನು ಕೌಂಟರಿನ ಮರವನ್ನು ಬೆರಳಲ್ಲಿ ಉಜ್ಜುತ್ತ ನಿಂತ.

“ನೀವು ಕೇಳಿದ್ದಕ್ಕೆ ನಾನು ಉತ್ತರ ಹೇಳ್ತೇನೆ,” ಎಂದಳು ನೀಲಾವತಿ. “ಆದರೆ ಮೊದಲು ನೀವು ಮಾತು ಕೊಡಬೇಕು. ನಾನು ಎಂತ ಹೇಳಿದರೂ ಆ ಧಾರೆ ನಿಲ್ಲಬಾರದು.”

“ಇದೆಂಥ ನ್ಯಾಯ ನೀಲಾವತಿ?”

“ನ್ಯಾಯ ಅಲ್ಲ.”

“ಮಾತು ಕೊಡದಿದ್ದರೆ?”

“ನಾನು ಹೇಳುದಿಲ್ಲ. ಮನಸ್ಸಿತ್ತೋ ಇಲ್ಲವೋ ಅಂತ ನೀವು ಜೀವಮಾನ ಇಡೀ ಯೋಚನೆ ಮಾಡಬೇಕು.”

ರಸ್ತೆಯಲ್ಲಿ ಬಸ್ಸೊಂದು ಬಂದು ನಿಂತಿತು. “ಅರಂತೋಡು, ಕಲ್ಲುಗುಂಡಿ, ಸಂಪಾಜೆ!” ಕಂಡಕ್ಟರ್ ಬಾಗಿಲು ಬಡಿಯತೊಡಗಿದ.

ತೀರ್ಥರಾಮನ ಕಣ್ಣು ತುಂಬಿತ್ತು. ಗಂಡಸು ಅಳುವುದನ್ನು ಇಷ್ಟು ಹತ್ತಿರದಿಂದ ಅವಳು ನೋಡಿರಲಿಲ್ಲ. ಒರೆಸಬೇಕೆಂದು ಎದ್ದ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಳು.

“ಆಯ್ತು,” ಎಂದ ಕೊನೆಗೆ. “ಕೊಟ್ಟೆ.”

ಅದು ಅವಳು ಬೇಡಿದ್ದೇ. ಆದರೂ ಆ ಎರಡು ಮಾತಿಗೆ ಅವಳ ಲೋಕ ಖಾಲಿಯಾಯಿತು.

“ಈಗ ಹೇಳಿ ನೀಲಾವತಿ. ಅವತ್ತು ಅಕ್ಕ ನಿಮ್ಮ ಅಂಗಳಕ್ಕೆ ಬಂದು, ನಮ್ಮ ತಮ್ಮನಿಗೆ ನಿಮ್ಮ ಹುಡುಗಿ ಆಗಬಹುದಾ ಅಂತ ಕೇಳಿದ್ದರೆ... ನೀವು ಎಂತ ಹೇಳ್ತಿದ್ರಿ?”

ಅವಳು ತಲೆ ಬಗ್ಗಿಸಿದಳು. ಕಣ್ಣೀರು ಕೌಂಟರಿನ ಮೇಲೆ ಬಿತ್ತು.

“ಆಗಬಹುದು ಅಂತ.”

ಅವನು ಕಣ್ಣು ಮುಚ್ಚಿಕೊಂಡ.

ಹೊರಗೆ ಎರಡನೇ ಸಲ ಹಾರ್ನ್ ಆಯಿತು.

“ಬಸ್ಸು ಹೊರಡ್ತದೆ... ಹೋಗಿ.”

“ಹೋಗ್ತೇನೆ. ಇನ್ನೊಮ್ಮೆ ಹೇಳಿ.”

“ಎಂತಕ್ಕೆ?”

“ಕೇಳಬೇಕು ನನಗೆ. ಅಷ್ಟೇ.”

ನೀಲಾವತಿ ಮುಖ ಎತ್ತಿದಳು. ಮೊದಲ ಸಲ, ಅವನ ಕಣ್ಣನ್ನೇ ನೋಡಿದಳು.

“ಆಗಬಹುದು.”