ಹಾರಿಹೋದ ಪ್ಲಗ್

“ಇದೇನಾ ನಿಮ್ಮ ಸರ್ವೀಸು?”

ಬೇಕರಿ ಅಂಕಲ್ ಕೈಯಲ್ಲಿದ್ದ ಸ್ಪಾರ್ಕ್ ಪ್ಲಗ್ಗನ್ನು ಅಮ್ಮನ ಬೆಂಚಿನ ಮೇಲೆ ಟಣ್ ಅಂತ ಎಸೆದರು. ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತ್ತು. ಬ್ರೆಡ್ಡಿನ ಟ್ರೇ ಕಟ್ಟಿದ್ದ ಬೈಕನ್ನು ಅವರು ಗ್ಯಾರೇಜಿನವರೆಗೂ ತಳ್ಳಿಕೊಂಡೇ ಬಂದಿದ್ದರು.

“ನಿನ್ನೆ ತಾನೇ ಸರ್ವೀಸ್ ಮಾಡಿ ಕೊಟ್ರಿ. ಇವತ್ತು ನಡುರಸ್ತೇಲಿ ಢಂ ಅಂತ ಪ್ಲಗ್ ಹಾರಿಹೋಯ್ತು! ಪಕ್ಕದಲ್ಲಿ ಯಾರಾದ್ರೂ ಇದ್ದಿದ್ರೆ ಏನಾಗ್ತಿತ್ತು? ಅಂಗಡಿಯವರೆಲ್ಲ ಬ್ರೆಡ್ ಎಲ್ಲಿ, ಬ್ರೆಡ್ ಎಲ್ಲಿ ಅಂತ ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ!”

ರಜೆಯ ದಿನವಾದ್ದರಿಂದ ಬೆಳಗ್ಗೆಯೇ ಮೂಲೆಯಲ್ಲಿ ಹಳೇ ಟೈರಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದ ಚಿನಕುರುಳಿ ಪೆನ್ಸಿಲ್ ಕೆಳಗಿಟ್ಟಳು. ಮನೆಯವರು ಅವಳಿಗೆ ಆ ಹೆಸರನ್ನು ಸುಮ್ಮನೆ ಇಟ್ಟಿರಲಿಲ್ಲ. ಕೋಪ ಅವಳ ಮೂಗಿನ ತುದಿಯಲ್ಲೇ ಬಾಡಿಗೆಗೆ ಇತ್ತು.

“ಹೆಂಗಸರ ಗ್ಯಾರೇಜಿಗೆ ಗಾಡಿ ಕೊಡಬೇಡ ಅಂತ ಎಲ್ಲರೂ ಬಡ್ಕೊಂಡ್ರು. ನಾನೇ ಕೇಳಲಿಲ್ಲ. ಇನ್ಮೇಲೆ ನಾನೇ ಎಲ್ಲರಿಗೂ ಹೇಳ್ತೀನಿ, ನೋಡ್ತಿರಿ!”

ಚಿನಕುರುಳಿಗೆ ಮೈಯೆಲ್ಲ ಉರಿದುಹೋಯಿತು. ಏನು ಅನ್ಯಾಯ ಇದು! ಈ ಬೀದಿಯಲ್ಲಿ ಅಮ್ಮನಷ್ಟು ಚೆನ್ನಾಗಿ ಗಾಡಿ ರಿಪೇರಿ ಮಾಡುವವರು ಇನ್ಯಾರಿದ್ದಾರೆ? ಅದೂ ಅಲ್ಲದೆ ಆ ಪ್ಲಗ್ಗನ್ನು ನಿನ್ನೆ ಸಂಜೆ ಹಾಕಿದ್ದು ಸ್ವತಃ ಚಿನಕುರುಳಿ. ಅಮ್ಮ ಇನ್ನೊಂದು ಗಾಡಿಯ ಚೈನು ಹಾಕುತ್ತಿದ್ದಳು. “ಆ ಪ್ಲಗ್ ಒಂದು ಹಾಕಿಬಿಡೇ” ಅಂದಿದ್ದಳು. ಚಿನಕುರುಳಿ ಹಲ್ಲು ಕಚ್ಚಿಕೊಂಡು, ಮುಖ ಕೆಂಪಾಗುವವರೆಗೂ ಟೈಟ್ ಮಾಡಿದ್ದಳು.

“ಅಂಕಲ್, ಅದು ಲೂಸ್ ಆಗೋ ಚಾನ್ಸೇ ಇಲ್ಲ!” ಅವಳು ಎದ್ದು ನಿಂತಳು. “ಯಾಕಂದ್ರೆ ಅದನ್ನ…”

“ನೀನು ಸುಮ್ನಿರು,” ಎಂದಳು ಅಮ್ಮ.

ಅಮ್ಮ ಅಷ್ಟರಲ್ಲಿ ಪ್ಲಗ್ಗನ್ನು ಎತ್ತಿಕೊಂಡು, ಅದರ ತಿರುಪಿನ ಗೆರೆಗಳ, ಅಂದರೆ ಥ್ರೆಡ್ಡಿನ, ಮೇಲೆ ಹೆಬ್ಬೆರಳು ಆಡಿಸಿದ್ದಳು. ಒಮ್ಮೆ ಮಗಳ ಕಡೆ ನೋಡಿದಳು. ಆಮೇಲೆ ಬೇಕರಿ ಅಂಕಲ್ ಕಡೆ ತಿರುಗಿದಳು.

“ತಪ್ಪು ನಮ್ಮ ಗ್ಯಾರೇಜಿಂದೇ. ಸಂಜೆಗೆ ಗಾಡಿ ರೆಡಿ ಇರುತ್ತೆ. ಅಲ್ಲೀವರೆಗೂ ನನ್ನ ಸ್ಕೂಟರ್ ತಗೊಂಡು ಹೋಗಿ, ಬ್ರೆಡ್ ಕೊಟ್ಟು ಬನ್ನಿ.”

ಅಷ್ಟೇ! ಜಗಳವಿಲ್ಲ, ಒಂದು ಎದುರು ಮಾತಿಲ್ಲ. ಬೇಕರಿ ಅಂಕಲ್ ಗೊಣಗುತ್ತಲೇ ಟ್ರೇಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ಹೊರಟರು.

ಚಿನಕುರುಳಿ ಟೈರಿಗೆ ಒಂದು ಒದೆ ಕೊಟ್ಟಳು. ಟೈರಿಗೆ ಏನೂ ಆಗಲಿಲ್ಲ. ಕಾಲ್ಬೆರಳಿಗೆ ನೋವಾಗಿ ಕೋಪ ಇನ್ನೂ ಹೆಚ್ಚಾಯಿತು.

“ಯಾಕಮ್ಮಾ ಸುಮ್ನಿದ್ದೆ? ಅವ್ರು ಅಷ್ಟೆಲ್ಲ ಬೈದ್ರು! ನೀನೂ ಬೈಬೇಕಿತ್ತು!”

“ಟಾರ್ಚ್ ತಗೊಂಡು ಬಾ.”

“ನನ್ನನ್ನೂ ಮಾತಾಡಕ್ಕೆ ಬಿಡಲಿಲ್ಲ. ನೀನು ದೊಡ್ಡ ಪುಕ್ಕಲಿ!”

ಅಮ್ಮ ಸ್ಪ್ಯಾನರ್ ಎತ್ತಿಕೊಂಡಳು. “ಟಾರ್ಚ್ ಅಂದೆ,” ಎಂದಳು.

ಅಮ್ಮ ಎಂಜಿನ್ನಿನ ಮೇಲಿನ ಭಾಗವನ್ನು, ಅಂದರೆ ಹೆಡ್ಡನ್ನು, ಬಿಚ್ಚಿ ಬೆಂಚಿನ ಮೇಲಿದ್ದ ವೈಸ್ ಎಂಬ ಕಬ್ಬಿಣದ ಹಿಡಿಗೆ ಕಚ್ಚಿಸಿದಳು. ಪ್ಲಗ್ ಕೂರುವ ತೂತು ಮೇಲೆ ಬಂತು. ಚಿನಕುರುಳಿ ಮುಖ ಊದಿಸಿಕೊಂಡೇ ಟಾರ್ಚ್ ಹಿಡಿದಳು. ಬೆಳಕು ಗೋಡೆಯ ಮೇಲೆಲ್ಲ ಕುಣಿಯಿತು.

“ಲೈಟ್ ಅಲ್ಲಾಡಿಸ್ಬೇಡ. ಒಳಗೆ ಬಿಡು.”

ಅವಳೂ ಬಗ್ಗಿ ನೋಡಿದಳು. ತೂತಿನ ಒಳಗೋಡೆಯಲ್ಲಿ ಸುತ್ತಲೂ ಒಂದೇ ಸಮನಾದ ಥ್ರೆಡ್ ಇರಬೇಕಿತ್ತು. ಈಗ ಅದರ ಮೇಲೆ ಓರೆಯಾಗಿ ಇನ್ನೊಂದು ಗೀರು ಹಾದುಹೋಗಿತ್ತು. ಅಲ್ಯೂಮಿನಿಯಂ ಚಿಂದಿಚಿಂದಿಯಾಗಿ ಎದ್ದಿತ್ತು.

ಗ್ಯಾರೇಜಿನಲ್ಲೇ ಬೆಳೆದ ಹುಡುಗಿಗೆ ಅಷ್ಟು ಗೊತ್ತಾಗದೇ ಇರುತ್ತದೆಯೇ?

“ನೋಡಮ್ಮಾ! ಇದು ಲೂಸ್ ಆಗಿ ಹಾರಿದ್ದಲ್ಲ!” ಎಂದು ಅವಳು ಕೂಗಿದಳು. “ಪ್ಲಗ್ಗನ್ನ ಮೊದಲು ಬೆರಳಲ್ಲೇ ತಿರುಗಿಸ್ಬೇಕು. ಸಲೀಸಾಗಿ ಒಳಗೆ ಹೋದ ಮೇಲೇನೇ ಸ್ಪ್ಯಾನರ್ ಮುಟ್ಟಬೇಕು. ಯಾರೋ ದಡ್ಡರು ಸೊಟ್ಟಗೆ ಇಟ್ಟು, ನೇರವಾಗಿ ಸ್ಪ್ಯಾನರ್ ಹಾಕಿ ತಿರುವಿದ್ದಾರೆ. ಪ್ಲಗ್ ಗಟ್ಟಿ, ಅಲ್ಯೂಮಿನಿಯಂ ಮೆತ್ತಗೆ. ಥ್ರೆಡ್ ಎಲ್ಲ ತಿಂದು ಹಾಕಿದೆ! ಆ ಬೇಕರಿ ಅಂಕಲ್ಲೇ ಮನೇಲಿ ಬಿಚ್ಚಿ…”

ಅವಳು ತೂತಿನೊಳಗೆ ಇನ್ನೊಮ್ಮೆ ಬಗ್ಗಿ ನೋಡಿದಳು.

ನಿನ್ನೆ ಸಂಜೆ ಬೀದಿಯಲ್ಲಿ ಗೆಳತಿಯರು ಕೂಗುತ್ತಿದ್ದರು, “ಬೇಗ ಬಾರೇ, ಮುಂದಿನ ಬ್ಯಾಟಿಂಗ್ ನಿಂದು!” ಆಟಕ್ಕೆ ಹೊರಟಾಗಲೇ ಅಮ್ಮ ಕೆಲಸ ಹೇಳಿದಳಲ್ಲ ಎಂದು ಅವಳಿಗೆ ಸಿಟ್ಟು ಬಂದಿತ್ತು. ಬೆರಳಲ್ಲಿ ತಿರುಗಿಸುತ್ತಾ ಕೂರುವಷ್ಟು ತಾಳ್ಮೆ ಇರಲಿಲ್ಲ. ಸೀದಾ ಸ್ಪ್ಯಾನರ್ ಹಾಕಿದ್ದಳು. ಪ್ಲಗ್ ಕಿರ್ ಅನ್ನುತ್ತಾ ಬಿಗಿಯಾಗಿ ಹೋಗಿತ್ತು. ಬಿಗಿಯಾದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡು ಇನ್ನೂ ಜೋರಾಗಿ ಎಳೆದಿದ್ದಳು.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ. ಬೆಳಗ್ಗೆ ಬರೆ ಬಿದ್ದದ್ದು ಯಾವ ಎತ್ತಿಗೆ ಎಂದು ಚಿನಕುರುಳಿಗೆ ಗೊತ್ತಿತ್ತು. ಎಮ್ಮೆ ಯಾವುದು ಎಂಬುದು ಈಗ ಗೊತ್ತಾಯಿತು.

ಅಮ್ಮ ಡಬ್ಬಿಯಿಂದ ಟ್ಯಾಪ್ ತೆಗೆದಳು. ನೀರು ಬರುವ ಟ್ಯಾಪ್ ಅಲ್ಲ, ಥ್ರೆಡ್ ಕೊರೆಯುವ ಉಕ್ಕಿನ ಕಡ್ಡಿ. ಅದಕ್ಕೆ ಗ್ರೀಸ್ ಮೆತ್ತಿ, ಕೆಟ್ಟುಹೋದ ತೂತಿನಲ್ಲಿ ನೆಟ್ಟಗೆ ನಿಲ್ಲಿಸಿ, ಅರ್ಧ ಸುತ್ತು ಮುಂದೆ ತಿರುಗಿಸಿದಳು, ಸ್ವಲ್ಪ ಹಿಂದೆ. ಮತ್ತೆ ಅರ್ಧ ಸುತ್ತು ಮುಂದೆ, ಸ್ವಲ್ಪ ಹಿಂದೆ. ಅಲ್ಯೂಮಿನಿಯಂ ಚೂರುಗಳು ಗ್ರೀಸಿಗೆ ಅಂಟಿಕೊಂಡು ಮೇಲೆ ಬಂದವು. ಅವಸರ ಮಾಡಿದರೆ ಟ್ಯಾಪ್ ಒಳಗೇ ಮುರಿಯುತ್ತದೆ, ಆಗ ಇಡೀ ಹೆಡ್ಡನ್ನೇ ಎಸೆಯಬೇಕು. ಅಮ್ಮನ ಕತ್ತಿನ ನರ ಕೋಪದಲ್ಲಿ ಉಬ್ಬಿತ್ತು. ಕೈ ಮಾತ್ರ ನಿಧಾನವಾಗಿತ್ತು.

ಟಾರ್ಚಿನ ಬೆಳಕು ಈಗ ಅಲ್ಲಾಡಲಿಲ್ಲ.

ಹೊಸದಾಗಿ ಕೊರೆದ ತೂತಿನೊಳಗೆ ಅಮ್ಮ ಪೆನ್ನಿನ ಸ್ಪ್ರಿಂಗಿನಂಥ ಒಂದು ಉಕ್ಕಿನ ಸುರುಳಿಯನ್ನು ಕೂರಿಸಿದಳು. ಈಗ ಅದೇ ಹೊಸ ಥ್ರೆಡ್, ಮೊದಲಿಗಿಂತ ಗಟ್ಟಿ. ಹೆಡ್ಡನ್ನು ಒರೆಸಿ ಬೈಕಿಗೆ ಜೋಡಿಸಿದ ಮೇಲೆ ಹೊಸ ಪ್ಲಗ್ ಒಂದನ್ನು ಮಗಳ ಮುಂದೆ ಹಿಡಿದಳು.

“ಹಾಕು.”

“ನಾನಾ?”

“ಮತ್ತೆ ಪಕ್ಕದ ಮನೆಯವರಾ?”

ಚಿನಕುರುಳಿ ಲಂಗದ ಅಂಚಿಗೆ ಬೆರಳು ಒರೆಸಿಕೊಂಡು ಪ್ಲಗ್ ಇಟ್ಟಳು. ಒಂದು ಸಲ ಸೊಟ್ಟಗಾಯಿತು. ತೆಗೆದಳು. ಮತ್ತೆ ಇಟ್ಟು ಬೆರಳಲ್ಲೇ ಮೆಲ್ಲಗೆ ತಿರುಗಿಸಿದಳು. ಅದು ತಡೆಯಿಲ್ಲದೆ ಒಳಗಿಳಿದು ಕೂತಿತು. ಸ್ಪ್ಯಾನರಿನಲ್ಲಿ ಕೊನೆಗೆ ಒಂದಿಷ್ಟು ತಿರುಗಿಸುವಾಗ ಅಮ್ಮ ಪಕ್ಕದಲ್ಲೇ ನಿಂತು ನೋಡಿದಳು. ಆಮೇಲೆ ತಾನೂ ಒಮ್ಮೆ ಮುಟ್ಟಿ ಪರೀಕ್ಷಿಸಿದಳು.

ಸಂಜೆ ಬೇಕರಿ ಅಂಕಲ್ ಬಂದು ಕಿಕ್ ಹೊಡೆದರು. ಬೈಕ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಆದರೂ ಅವರ ಹುಬ್ಬಿನ ಗಂಟು ಸಡಿಲವಾಗಲಿಲ್ಲ.

“ಇನ್ಮೇಲಾದ್ರೂ ಸರಿಯಾಗಿ ಕೆಲಸ ಕಲ್ತು ಮಾಡಿ,” ಎಂದರು ಅಮ್ಮನಿಗೆ.

ಅಮ್ಮ ಸುಮ್ಮನೆ ಕೈ ಒರೆಸಿಕೊಳ್ಳುತ್ತಿದ್ದಳು. ಚಿನಕುರುಳಿ ಬಾಯಿ ಮುಚ್ಚಿಕೊಂಡಿದ್ದರೆ ಅಂಕಲ್ ಹೊರಟೇ ಹೋಗುತ್ತಿದ್ದರು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

“ಅಂಕಲ್, ನಿನ್ನೆ ಪ್ಲಗ್ ಹಾಕಿದ್ದು ನಾನು. ಅಮ್ಮ ಅಲ್ಲ. ನಾನೇ ಸೊಟ್ಟಗೆ ಹಾಕಿದ್ದು.”

ಬೇಕರಿ ಅಂಕಲ್ ಬೈಕ್ ಆಫ್ ಮಾಡಿದರು. ಅವಳನ್ನು ನೋಡಿದರು, ಅಮ್ಮನನ್ನು ನೋಡಿದರು.

“ಬೆಳಗ್ಗೆನೇ ಹೇಳಬಹುದಿತ್ತಲ್ಲ?”

“ಯಾರು ಹಾಕಿದ್ರೇನು? ಚೆಕ್ ಮಾಡದೆ ಗಾಡಿ ಕೊಟ್ಟಿದ್ದು ನಾನು,” ಎಂದಳು ಅಮ್ಮ. “ಅದಕ್ಕೆ ನೀವು ಬೈದಿದ್ದು ಸರಿ. ಹೆಂಗಸರ ಗ್ಯಾರೇಜು ಅಂದ್ರಲ್ಲ, ಅದು ಸರಿಯಿಲ್ಲ. ಅದಕ್ಕೆ ನನಗೆ ಈಗ್ಲೂ ಸಿಟ್ಟಿದೆ.”

“ಅದು… ಏನೋ ಸಿಟ್ಟಲ್ಲಿ ಬಾಯಿಗೆ ಬಂತಮ್ಮಾ.”

“ಸಿಟ್ಟಲ್ಲಿ ನನ್ನ ಬಾಯಿಗೂ ಬೇಕಾದಷ್ಟು ಬಂದಿತ್ತು.”

ಬೇಕರಿ ಅಂಕಲ್ ತಲೆ ಕೆರೆದುಕೊಂಡರು. “ಇನ್ನೊಂದು ಸಲ ಹಾಗನ್ನಲ್ಲ,” ಎಂದು ತಗ್ಗಿದ ದನಿಯಲ್ಲಿ ಹೇಳಿ ಹೊರಟರು. ಬೈಕಿನ ಸದ್ದು ತಿರುವಿನಾಚೆ ಕರಗಿತು.

ಅಮ್ಮ ಶಟರನ್ನು ಸರ್ರನೆ ಎಳೆದಳು. ಅದು ನೆಲ ಮುಟ್ಟಿದ್ದೇ ತಡ, ಮಗಳ ಕಡೆ ತಿರುಗಿದಳು.

“ಬೆರಳಿಲ್ವಾ ನಿನಗೆ? ಎಷ್ಟು ಸಲ ಹೇಳಿಕೊಟ್ಟಿದ್ದೀನಿ? ಆ ಪ್ಲಗ್ ಯಾರ ಕಣ್ಣಿಗಾದ್ರೂ ಬಡಿದಿದ್ರೆ? ಆಟ, ಆಟ, ಯಾವಾಗ ನೋಡಿದ್ರೂ ಆಟ! ಅದರ ಮೇಲೆ ನಾನು ಪುಕ್ಕಲಿ ಬೇರೆ!”

ಬೈಗುಳ ತಗಡಿನ ಗೋಡೆಗಳಿಗೆಲ್ಲ ಬಡಿದು ಗಣಗಣ ಅಂದಿತು. ಬೆಳಗ್ಗೆಯಿಂದ ಅಮ್ಮ ಯಾರನ್ನಾದರೂ ಹೀಗೆ ಬೈಯಲಿ ಎಂದು ಚಿನಕುರುಳಿ ಕಾದಿದ್ದಳು. ಅಮ್ಮ ಮಾತ್ರ ಬಾಗಿಲು ಮುಚ್ಚುವವರೆಗೂ ಕಾದಿದ್ದಳು.

ಎದುರುತ್ತರ ನಾಲಿಗೆಯ ತುದಿಗೆ ಬಂತು. ಚಿನಕುರುಳಿ ಅದನ್ನು ನುಂಗಿಕೊಂಡು, ಅಮ್ಮನ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟು, ಅಷ್ಟನ್ನೂ ಬೈಸಿಕೊಂಡಳು.