ನಲವತ್ತೆಂಟು ಚೌಕಗಳ ಗೋಡೆ

"ಹಿಡೀರಿ...! ಯಾರಾದ್ರೂ ಹಿಡೀರಿ ಅದನ್ನ!"

ಸಿಗ್ನಿ ಕೂಗುವಷ್ಟರಲ್ಲಿ ಎಂಟಡಿ ಉದ್ದದ ಥರ್ಮಾಕೋಲ್ ಹಲಗೆ ಅವಳ ಕಾರಿನ ಮೇಲಿನಿಂದ ಎದ್ದಿತ್ತು. ಅಯೋವಾದ ಗಾಳಿ ಯಾರ ಮಾತು ಕೇಳುತ್ತದೆ? ಹಲಗೆ ಗಿರಕಿ ಹೊಡೆದು, ಮರಮುಟ್ಟಿನ ಅಂಗಡಿಯ ಅಂಗಳದಲ್ಲಿ ಕಾಫಿ ಹಿಡಿದು ನಿಂತಿದ್ದವನ ಎದೆಗೆ ಬಡಿಯಿತು. ಕಾಫಿಯೆಲ್ಲ ಅಂಗಿಯ ಮೇಲೆ!

"ಅಯ್ಯೋ ದೇವರೇ... ಸುಟ್ಟಿತಾ?"

"ಆರಿ ಹೋಗಿತ್ತು, ಬದುಕಿಕೊಂಡೆ." ಅವನು ಹಲಗೆಯ ಹಿಂದಿನಿಂದ ಇಣುಕಿದ. "ಎರಡು ದಾರ ಕಟ್ಕೊಂಡು ಈ ಗಾಳೀಲಿ ಹೊರಟಿದ್ದೀರಲ್ಲ, ಏನ್ ಧೈರ್ಯ ರೀ ನಿಮ್ದು! ಏನಿದು, ಕೋಳಿಗೂಡಿಗಾ?"

"ಗೋಡೆಗೆ."

"ಥರ್ಮಾಕೋಲ್ ಗೋಡೆನಾ?!"

"ಕೌದಿಗೆ ಕಣ್ರೀ! ಹೊಲಿಯೋಕ್ ಮುಂಚೆ ಚೌಕಗಳನ್ನ ಗೋಡೆಗೆ ಅಂಟಿಸಿ, ದೂರ ನಿಂತು ನೋಡ್ಬೇಕು. ಯಾವುದರ ಪಕ್ಕ ಯಾವುದು ಅಂತ ಗೊತ್ತಾಗ್ಬೇಡ್ವಾ?"

ಅವನ ಹೆಸರು ವೆಂಡೆಲ್. ಮನೆಗಳಿಗೆ ಹಲಗೆ ಗೋಡೆ ಕೂರಿಸುವುದೇ ಕಸುಬು. "ಹಾರೋ ಗೋಡೆ ಮಾತ್ರ ಇದೇ ಮೊದಲು," ಎಂದು ನಗುತ್ತಾ ಹಲಗೆಗಳನ್ನು ತನ್ನ ಗಾಡಿಗೆ ಹಾಕಿಕೊಂಡು ಅವಳ ಹಿಂದೆಯೇ ಬಂದ.

ಅಮ್ಮನ ಕೋಣೆಯ ಗೋಡೆಗೆ ಎರಡು ಹಲಗೆ ನಿಂತವು. ಮೇಲೆ ಹೊದಿಸಲು ಸಿಗ್ನಿ ಫ್ಲಾನೆಲ್ ಬಟ್ಟೆ ತಂದುಕೊಟ್ಟಳು. ಒಂದು ಬದಿ ನಯ, ಇನ್ನೊಂದು ಬದಿ ಜುಂಗು ಜುಂಗು.

"ಜುಂಗಿನ ಕಡೆ ಹೊರಗೆ ಬರಬೇಕಲ್ವಾ? ಬಟ್ಟೆ ಕಚ್ಕೊಳ್ಳೋಕೆ?" ವೆಂಡೆಲ್ ತಲೆ ಕೆರೆದುಕೊಂಡ.

"ಹುಟ್ಟಿದಾಗಿನಿಂದ ಕೌದಿ ಮಧ್ಯೆ ಬೆಳೆದೋಳು ನಾನು. ನಯವಾದ ಕಡೆ ಹೊರಗಿರಲಿ, ಚೆಂದ ಕಾಣುತ್ತೆ."

"ಅಪ್ಪಣೆ, ಮೇಡಂ!" ಅವನು ಸುತ್ತಲೂ ಸ್ಟೇಪಲ್ ಹೊಡೆದ.

ಅಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನಲವತ್ತೆಂಟು ಚೌಕಗಳನ್ನು ಹೊಲಿದಿಟ್ಟು, ಜೋಡಿಸುವ ಮೊದಲೇ ಹೋಗಿಬಿಟ್ಟಿದ್ದಳು. ಕೊನೆಯ ವಾರ ಒಮ್ಮೆ ಅವನ್ನು ಹಾಸಿಗೆಯ ಮೇಲೆ ಹರಡಿ, "ಹೀಗೆ ಬರಬೇಕು ನೋಡು," ಎಂದಿದ್ದಳು. ಆ ಕ್ರಮ ಇದ್ದದ್ದು ಸಿಗ್ನಿಯ ತಲೆಯಲ್ಲಿ ಮಾತ್ರ. ಅದೂ ಮಸುಕಾಗುತ್ತಿದೆ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ದಿನಕ್ಕೆ ನಾಲ್ಕೋ ಐದೋ ಚೌಕ. ಅಂಗೈಯಿಂದ ಒತ್ತಿದರೆ ಪಿನ್ನಿಲ್ಲದೆಯೂ ಹೇಗೋ ಅಂಟಿಕೊಂಡು ನಿಲ್ಲುತ್ತಿದ್ದವು. ವೆಂಡೆಲ್ ದಿನಾ ಸಂಜೆ ಏನಾದರೊಂದು ನೆಪ ಹಿಡಿದು ಬರುತ್ತಿದ್ದ. ಬಣ್ಣದ ಡಬ್ಬದ ಮೇಲೆ ಕೂತು, ಅವಳು ಕೊಟ್ಟ ಸೇಬಿನ ಪೈ ಮೆಲ್ಲುತ್ತಾ ಕೇಳುತ್ತಿದ್ದ.

"ಇದು ತಾತನ ಅಂಗಿ. ಹಾಲು ಕರೆಯೋಕೂ ಇದೇ, ಚರ್ಚಿಗೂ ಇದೇ!"

"ಪಕ್ಕದ್ದು?"

"ನಾನು ಒಂದನೇ ಕ್ಲಾಸಿಗೆ ಹಾಕ್ಕೊಂಡು ಹೋದ ಲಂಗ. ಮೊದಲನೇ ದಿನಾನೇ ಮಸಿ ಚೆಲ್ಕೊಂಡಿದ್ದೆ."

ಅವನು ನಕ್ಕಾಗಲೆಲ್ಲ ಅವಳ ಎದೆ ಹಗುರಾಗುತ್ತಿತ್ತು. 'ಗೋಡೆ ತುಂಬಿದ ಮೇಲೆ ಇವನು ಯಾವ ನೆಪ ಹೇಳಿಕೊಂಡು ಬರ್ತಾನೆ...?' ಆ ಯೋಚನೆ ಬಂದ ದಿನ ಎರಡೇ ಚೌಕ ಅಂಟಿಸಿದಳು, ಕಳ್ಳಿ.

ಆದರೂ ಗೋಡೆ ತುಂಬಿತು. ಬುಧವಾರ ಬೆಳಿಗ್ಗೆ ಅವಳು ಚರ್ಚಿನ ಕೌದಿ ಕೂಟಕ್ಕೆ ಹೊರಟಾಗ ವೆಂಡೆಲ್ ಹಲಗೆಗಳ ಕೆಳಗೆ ಮರದ ಪಟ್ಟಿ ಬಡಿಯುತ್ತಿದ್ದ.

"ಚೌಕಗಳನ್ನ ಮಾತ್ರ ಮುಟ್ಟಬೇಡಿ, ಆಯ್ತಾ?"

ಮಧ್ಯಾಹ್ನ ಬಂದು ನೋಡಿದರೆ... ನಟ್ಟನಡುವೆ ಇರಬೇಕಾದ ಹಳದಿ ಹೂವಿನ ಚೌಕ ಕೆಳಗಿನ ಮೂಲೆಯಲ್ಲಿ! ಮೂಲೆಯಲ್ಲಿದ್ದ ನೀಲಿ ಚೌಕ ನಡುವೆ!

"ಮುಟ್ಟಬೇಡಿ ಅಂದಿದ್ದೆ!"

"ಸಿಗ್ನಿ, ಅದು..."

"ನಿಮಗಿದು ಆಟ! ನನಗೆ ನನ್ನಮ್ಮ ಹೇಳಿ ಹೋದ ಕೊನೇ ಮಾತು!"

ವೆಂಡೆಲ್‌ನ ಮುಖ ಬಿಳಿಚಿಕೊಂಡಿತು. ಅವನ ಕಣ್ಣು ಒಮ್ಮೆ ಫ್ಲಾನೆಲ್ ಕಡೆ ಹೋಗಿ ಬಂತು. "ನನ್ನಿಂದ ತಪ್ಪಾಯ್ತು," ಎಂದಷ್ಟೇ ಹೇಳಿ, ಅಳತೆಯ ಟೇಪನ್ನೂ ಮರೆತು ಹೊರಟುಹೋದ.

ಮೂರು ದಿನ ಬಣ್ಣದ ಡಬ್ಬ ಖಾಲಿ ಕೂತಿತ್ತು. ಶನಿವಾರ ಬೆಳಿಗ್ಗೆ ಎರಡು ಚೌಕಗಳನ್ನು ಅವುಗಳ ಜಾಗಕ್ಕೆ ಸೇರಿಸೋಣವೆಂದು ಅವಳು ಕೈ ಹಾಕಿದಳು. ಚುರ್ರೆಂದಿತು... ಗುಂಡುಪಿನ್ನು!

'ನಾನು ಪಿನ್ನೇ ಚುಚ್ಚಿರಲಿಲ್ಲವಲ್ಲ?'

ಪಕ್ಕದ ಚೌಕ ನೋಡಿದಳು. ಪಿನ್ನು. ಅದರ ಪಕ್ಕದ್ದಕ್ಕೂ ಪಿನ್ನು. ಎಲ್ಲದಕ್ಕೂ!

ಒಂದು ಪಿನ್ನು ತೆಗೆದಳು. ತಾತನ ಅಂಗಿ ಜಾರಿ ನೆಲಕ್ಕೆ ಬಿತ್ತು. ಫ್ಲಾನೆಲ್ ಮೇಲೆ ಅಂಗೈ ಸವರಿದಳು. ನಯ... ಹೆಸರಿಗಷ್ಟೇ ಹಿಡಿತ. ಅವಳೇ ಹಟ ಮಾಡಿ ಹೊರಗೆ ಹಾಕಿಸಿದ ಬದಿ!

ಪಟ್ಟಿ ಬಡಿದ ಸುತ್ತಿಗೆಯ ಏಟಿಗೆ ಅಷ್ಟೂ ಚೌಕಗಳು ಉದುರಿಬಿದ್ದಿದ್ದವು. ಅವನು ಒಂದೊಂದಾಗಿ ಎತ್ತಿ ಜೋಡಿಸಿದ್ದ!

ಸಿಗ್ನಿ ಮರಮುಟ್ಟಿನ ಅಂಗಡಿಗೆ ಓಡಿದಳು. ವೆಂಡೆಲ್ ಅದೇ ಅಂಗಳದಲ್ಲಿ ಗಾಡಿಗೆ ಹಲಗೆ ತುಂಬುತ್ತಿದ್ದ.

"ಯಾಕ್ ಹೇಳ್ಲಿಲ್ಲ ನೀವು?"

"ಹೇಳಿದ್ರೆ ಬಟ್ಟೆ ತಿರುಗಾಮುರುಗಾ ಹಾಕ್ಸಿದ್ದು ನೀವೇ ಅಂತ ಬೊಟ್ಟು ಮಾಡಿದ ಹಾಗಾಗ್ತಿತ್ತು. ಅಮ್ಮನ ಕೌದಿನ ನಾನೇ ಬೀಳ್ಸಿದೆ ಅಂತ ನೀವು ಅಳೋದು... ಅದಕ್ಕಿಂತ ನನ್ನ ಬೈದ್ರೇ ವಾಸಿ ಅನ್ನಿಸ್ತು."

"ನಲವತ್ತಾರು ಸರಿಯಾಗಿ ಇಟ್ಟಿದ್ದೀರಿ. ಹೇಗೆ ನೆನಪಿತ್ತು?"

"ನೀವು ಪ್ರತಿಯೊಂದಕ್ಕೂ ಕತೆ ಹೇಳಿದ್ರಲ್ಲ! ತಾತನ ಪಕ್ಕ ಮಸಿ ಚೆಲ್ಲಿದ ಲಂಗ..." ಅವನ ದನಿ ಇಳಿಯಿತು. "ಎರಡಕ್ಕೆ ಮಾತ್ರ ನೀವು ಬಾಯಿ ಬಿಟ್ಟಿರಲಿಲ್ಲ. ಎರಡು ಜಾಗ ಉಳಿದಿತ್ತು. ದೇವರ ಮೇಲೆ ಭಾರ ಹಾಕಿ ಇಟ್ಟೆ."

ಸಿಗ್ನಿಗೆ ಕಣ್ಣು ತುಂಬಿ ಬಂತು. "ನೀಲಿ... ಅಮ್ಮ ದಿನಾ ಹಾಕ್ಕೊಳ್ತಿದ್ದ ನಿಲುವಂಗಿ. ತನ್ನನ್ನ ತಾನೇ ಮೂಲೇಲಿ ಇಟ್ಕೊಂಡಿದ್ಲು. ನೀವು ತಂದು ನಡುವೆ ಕೂರಿಸಿದ್ರಿ. ಅದು ಅಲ್ಲೇ ಇರುತ್ತೆ ವೆಂಡೆಲ್. ನಾನು ಬದಲಾಯಿಸಲ್ಲ."

"ಹಳದಿ?"

"ಮದುವೆ ಆದ್ಮೇಲೆ ನನ್ನ ಮನೆಗೆ ಪರದೆ ಹೊಲೀತೀನಿ ಅಂತ ಅಮ್ಮ ತಂದಿದ್ಲು. ಮದುವೆಗೆ ಆರು ವಾರ ಇರೋವಾಗ ಹುಡುಗ ಬೇಡ ಅಂದ. ಅಮ್ಮನ ಬಿಟ್ಟು ಯಾರ ಹತ್ರಾನೂ ಅದರ ಮಾತೆತ್ತಿಲ್ಲ ನಾನು... ನಿಮ್ಮ ಹತ್ರಾನೇ ಮೊದಲು."

ವೆಂಡೆಲ್ ಕೈಯಲ್ಲಿದ್ದ ಹಲಗೆಯನ್ನು ಕೆಳಗಿಟ್ಟ.

"ಆ ಬಟ್ಟೆ ಇನ್ನೂ ಇದೆಯಾ?"

"ಎಂಟು ಗಜ ಹಾಗೇ ಇದೆ. ಯಾಕೆ?"

"ನನ್ನ ಮನೇಲಿ ಒಂದು ಕಿಟಕಿಗೂ ಪರದೆ ಇಲ್ಲ, ಸಿಗ್ನಿ."

ಅವಳು ಅಳುತ್ತಲೇ ನಕ್ಕಳು. "ಕಿಟಕಿ ಅಳತೆ ತಗೊಂಡಿದ್ದೀರಾ?"

"ಹೇಗ್ ತಗೊಳ್ಳಲಿ? ಟೇಪು ನಿಮ್ಮ ಹತ್ರಾನೇ ಇದೆಯಲ್ಲ!"

ಸಿಗ್ನಿ ಕೋಟಿನ ಜೇಬಿನಿಂದ ಟೇಪು ತೆಗೆದು ಅವನ ಅಂಗೈಯಲ್ಲಿಟ್ಟಳು. ಕೈ ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

"ನಡೀರಿ," ಎಂದಳು, "ಇಬ್ಬರೂ ಸೇರಿ ಅಳೆಯೋಣ."