ನೂರಾ ಎಂಟಕ್ಕೆ ನಡುಗಿದ ಹುಡುಗಿ

"ಬ್ರೇಕ್ ಹಿಡೀರಿ ಅಮ್ಮಾರ! ಬ್ರೇಕ್... ಬ್ರೇಕ್! ಅಯ್ಯ, ಅದು ಹಾರ್ನ್ ರೀ!"

ಭಾನುವಾರದ ಬೆಳಿಗ್ಗೆ. ನಂದಿನಿ ಲೇಔಟ್‌ನ ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದವರೆಲ್ಲ ಬ್ಯಾಟು ಕೆಳಗಿಟ್ಟು ನೋಡುತ್ತಾ ನಿಂತಿದ್ದರು. ಅರವತ್ತು ವರ್ಷದ ಮುನಿತಾಯಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಮಗನ ಹೆಲ್ಮೆಟ್ ತಲೆಗೇರಿಸಿಕೊಂಡು, ಸ್ಕೂಟರ್ ಮೇಲೆ ನೆಟ್ಟಗೆ ಕೂತಿದ್ದರು. ಕೆಂಗೇರಿಯಲ್ಲಿರುವ ತಂಗಿಯ ಮನೆಗೆ ಯಾರ ಹಂಗೂ ಇಲ್ಲದೆ ತಾನೇ ಗಾಡಿ ಓಡಿಸಿಕೊಂಡು ಹೋಗಬೇಕು ಎಂಬುದು ಅವರ ಹಟ.

ಅವರ ಹಿಂದೆ ಓಡುತ್ತಿದ್ದವಳು ಉಮಾಶ್ರೀ. ಇಪ್ಪತ್ತೊಂಬತ್ತು ವರ್ಷ. ರೋಣದ ಕಡೆಯ ಹುಡುಗಿ. ಐದು ವರ್ಷದ ಹಿಂದೆ ಬೆಂಗಳೂರಿಗೆ ಬಂದು, ಮಾರೇನಹಳ್ಳಿಯಲ್ಲಿ ಒಂದು ಕೋಣೆ ಹಿಡಿದು, ಹೆಂಗಸರಿಗೆ ಸ್ಕೂಟರ್ ಕಲಿಸುವ ಕೆಲಸ ಮಾಡುತ್ತಿದ್ದಳು. ಅವಳ ಕೈಯಲ್ಲಿ ಕಲಿತ ಇನ್ನೂರಕ್ಕೂ ಹೆಚ್ಚು ಹೆಂಗಸರು ಇವತ್ತು ಪಶ್ಚಿಮ ಬೆಂಗಳೂರಿನ ರಸ್ತೆಗಳಲ್ಲಿ ಧೈರ್ಯವಾಗಿ ಗಾಡಿ ಓಡಿಸುತ್ತಿದ್ದಾರೆ.

ಆದರೆ ಆ ಬೆಳಿಗ್ಗೆ ಗುರುವಿನ ಕಾಲೇ ತಡವರಿಸಿತು.

ಮೊದಲು ಬೆರಳು ನಡುಗಿತು. ಆಮೇಲೆ ಹಣೆಯ ಮೇಲೆ ತಣ್ಣನೆಯ ಬೆವರು. ಎದೆ ಡವಡವ... ಮೈದಾನವೇ ಒಂದು ಸುತ್ತು ತಿರುಗಿದಂತಾಯಿತು.

'ಲೋ ಆಗೇತಿ! ಶುಗರ್ ಲೋ ಆಗೇತಿ... ದೇವರೇ, ಇಲ್ಲೇ ಬೀಳ್ತೀನಿ!'

ಅವಳು ನೆಲಕ್ಕೆ ಬೀಳಲಿಲ್ಲ. ಬೇಲಿಯ ಪಕ್ಕ ನಿಂತು ಅಮ್ಮನ ವಿಡಿಯೋ ಮಾಡುತ್ತಿದ್ದವನ ತೋಳಿಗೆ ಒರಗಿಬಿಟ್ಟಳು!

"ಹಲೋ... ಮೇಡಂ! ಏನಾಯ್ತು ಮೇಡಂ?"

ಅವನು ಜೀವನ್, ಮುನಿತಾಯಮ್ಮನ ಒಬ್ಬನೇ ಮಗ. ಮಾರೇನಹಳ್ಳಿಯ ಹಳೇ ಊರಿನ ಮನೆತನ. ಈಗ ಅದೇ ರಸ್ತೆಯಲ್ಲಿ ಪೇಂಟ್ ಅಂಗಡಿ ಇಟ್ಟುಕೊಂಡಿದ್ದ. ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಬಣ್ಣ ಉಳಿದಿರುತ್ತಿತ್ತು.

"ಶುಗರ್ ಐತ್ರಿ ನನಗ... ಲೋ ಆಗೇತಿ... ಏನರ ಸಿಹಿ ಕೊಡ್ರಿ..."

ಜೀವನ್ ಬೆಚ್ಚಿಬಿದ್ದ. ಆದರೆ ಅವನಿಗೆ ಈ ವಿದ್ಯೆ ಹೊಸದಲ್ಲ. ಮುನಿತಾಯಮ್ಮನಿಗೆ ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಅವರ ಚೀಲದಲ್ಲಿ ಎಲೆಅಡಿಕೆ ಇಲ್ಲದಿದ್ದರೂ ಶುಗರ್ ನೋಡುವ ಮೀಟರ್ ಇರುತ್ತಿತ್ತು. ಅವನು ಅವಳನ್ನು ಕಲ್ಲಿನ ಮೇಲೆ ಕೂರಿಸಿ, ತನ್ನ ಹೆಗಲಲ್ಲಿದ್ದ ಅಮ್ಮನ ಚೀಲದಿಂದ ಮೀಟರ್ ತೆಗೆದು, ಹೊಸ ಸೂಜಿ ಹಾಕಿ ಬೆರಳಿಗೆ ಚುಚ್ಚಿದ. ಐದು ಸೆಕೆಂಡ್...

ನೂರಾ ಎಂಟು.

ಜೀವನ್‌ಗೆ ಹೋದ ಜೀವ ಬಂದಂತಾಯಿತು. ಆ ನಿರಾಳದಲ್ಲಿ ಜೋರಾಗಿ ನಕ್ಕುಬಿಟ್ಟ.

"ನೂರಾ ಎಂಟು ಮೇಡಂ! ಆಂಬುಲೆನ್ಸ್ ನಂಬರ್ ಬಂದಿದೆ, ಆದ್ರೆ ಆಂಬುಲೆನ್ಸ್ ಬೇಡ. ಏನೂ ಆಗಿಲ್ಲ ನಿಮಗೆ!"

ಏನೂ ಆಗಿಲ್ಲ...

ಉಮಾಶ್ರೀಯ ಕಣ್ಣಲ್ಲಿ ನೀರು ತುಂಬಿತು. ಕೈ ಇನ್ನೂ ನಡುಗುತ್ತಿತ್ತು. ಕುಪ್ಪಸ ಬೆವರಿನಿಂದ ಒದ್ದೆಯಾಗಿತ್ತು. ಏನೂ ಆಗಿಲ್ಲವಂತೆ!

"ಹಂಗಾದ್ರ ನಾನು ನಾಟಕ ಮಾಡಾಕತ್ತೀನೇನ್ರಿ?"

"ಅಯ್ಯೋ, ನಾನು ಹಾಗಂದೆನಾ..."

"ನಗಬ್ಯಾಡ್ರಿ! ಬ್ಯಾರೆಯವರ ಸಂಕಟ ನೋಡಿ ನಗಬ್ಯಾಡ್ರಿ!"

ಅವಳು ಎದ್ದು, ತನ್ನ ಚೀಲದಲ್ಲಿದ್ದ ಗ್ಲೂಕೋಸ್ ಬಿಸ್ಕತ್ತಿನ ಇಡೀ ಪ್ಯಾಕೆಟ್ ತಿಂದು, ಸಿಹಿ ಜ್ಯೂಸ್ ಕುಡಿದು, ತಿರುಗಿಯೂ ನೋಡದೆ ಹೊರಟುಹೋದಳು.

*

ಅವಳ ಸಿಟ್ಟಿಗೆ ಕಾರಣವಿತ್ತು.

ಎರಡು ತಿಂಗಳ ಹಿಂದೆ, ಸದಾ ಬಾಯಾರಿಕೆ, ಸುಸ್ತು ಎಂದು ಪರೀಕ್ಷೆ ಮಾಡಿಸಿದಾಗ ಶುಗರ್ ಮುನ್ನೂರ ನಲವತ್ತು ಬಂದಿತ್ತು. ಬಹುಶಃ ಎರಡು ವರ್ಷದಿಂದ ಹಾಗೇ ಇದ್ದಿರಬಹುದು ಎಂದಿದ್ದರು ಡಾಕ್ಟರ್. ಅದೇ ವಾರ ಗದಗದ ಕಡೆ ನಿಶ್ಚಯವಾಗಿದ್ದ ಸಂಬಂಧದವರಿಗೆ ಉಮಾಶ್ರೀ ತಾನೇ ಫೋನ್ ಮಾಡಿ ನಿಜ ಹೇಳಿದ್ದಳು.

ಮರುದಿನ ಉತ್ತರ ಬಂತು. "ಸಕ್ರಿ ಬ್ಯಾನಿ ಇದ್ದಾಕಿ ಬ್ಯಾಡ."

ಅಮ್ಮ ಕಸ್ತೂರೆವ್ವ ಊರಿನಿಂದ ಫೋನ್‌ನಲ್ಲಿ ಅತ್ತಳು. ಉಮಾಶ್ರೀ ಅಳಲಿಲ್ಲ. ಮಾತ್ರೆ ನುಂಗಿದಳು, ಊಟ ಕಡಿಮೆ ಮಾಡಿದಳು, ದಿನಾ ಬೆಳಿಗ್ಗೆ ಆರ್‌ಪಿಸಿ ಲೇಔಟ್ ಸುತ್ತ ಮೂರು ಸುತ್ತು ನಡೆದಳು. ಶುಗರ್ ಇಳಿಯುತ್ತಾ ಬಂತು. ಇಳಿಯುತ್ತಿದ್ದಂತೆ ಈ ನಡುಕ ಶುರುವಾಯಿತು!

ನಡುಕ ಬಂದಾಗಲೆಲ್ಲ ಹೆದರಿ ಸಿಹಿ ತಿನ್ನುವಳು. ನಡುಕ ನಿಲ್ಲುವುದು. ಸಂಜೆ ನೋಡಿದರೆ ಮೀಟರ್ ಇನ್ನೂರ ಎಂಬತ್ತು.

'ಯಾಕ ಹಿಂಗ? ಎಲ್ಲಾ ಸರಿಯಾಗಿ ಮಾಡಿದ್ರೂ ನನಗ ಯಾಕ ಹಿಂಗ?'

ಸೋಮವಾರ ಬೆಳಿಗ್ಗೆ ಇನ್ನೊಂದು ಏಟು ಬಿತ್ತು. ಅವಳು ಕೆಲಸ ಮಾಡುತ್ತಿದ್ದ ಸ್ಕೂಟರ್ ಕಲಿಕಾ ಶಾಲೆಯ ಮಾಲೀಕ ಸೇತುರಾಮ ಅವಳನ್ನು ಕರೆದು ಹೇಳಿದ.

"ಉಮಾ, ನಿನಗೆ ತಲೆ ಸುತ್ತತ್ತಂತಲ್ಲಮ್ಮ. ಆ ಪೇಂಟ್ ಅಂಗಡಿ ಜೀವನ್ ಫೋನ್ ಮಾಡಿದ್ದ. ಡಾಕ್ಟರ್ ಹತ್ರ ಲೆಟರ್ ತಗೊಂಡು ಬಾ. ಅಲ್ಲೀತನಕ ಕ್ಲಾಸ್ ಬೇಡ."

ಅವಳ ಕಿವಿ ಬಿಸಿಯಾಯಿತು. 'ಅವ ನನ್ನ ಮ್ಯಾಲೆ ಕಂಪ್ಲೇಂಟ್ ಕೊಟ್ಟಾನ!'

ಅಲ್ಲಿಂದ ನೇರ ಪೇಂಟ್ ಅಂಗಡಿಗೇ ನಡೆದಳು. ಜೀವನ್ ಡಬ್ಬದಲ್ಲಿ ಹಸಿರು ಬಣ್ಣ ಕಲಸುತ್ತಿದ್ದ. ಒಳಗೆ ಮುನಿತಾಯಮ್ಮ ಕುರ್ಚಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ನಿಮ್ಮ ಅವ್ವಗ ಹೆದರಿಕಿ ಇದ್ರ ಬ್ಯಾರೆ ಟೀಚರ್ ನೋಡ್ಕೋಬೇಕಿತ್ತು! ನನ್ನ ಅನ್ನ ಯಾಕ ಕಸಗೊಂಡ್ರಿ?"

"ಏನು? ಯಾರ ಅನ್ನ?"

"ಸೇತುರಾಮ ಸರ್‌ಗೆ ಫೋನ್ ಮಾಡಿದ್ದು ನೀವ ಹೌದೋ ಅಲ್ಲೋ?"

"ಮಾಡಿದ್ದೆ... ಆದ್ರೆ ಮೇಡಂ, ನಾನು ಹೇಳಿದ್ದೇ ಬೇರೆ! ಬಿಸಿಲಲ್ಲಿ ಮೂರು ಕ್ಲಾಸ್ ಒಟ್ಟಿಗೆ ಕೊಡ್ಬೇಡಿ, ಮಧ್ಯ ಸ್ವಲ್ಪ ರೆಸ್ಟ್ ಕೊಡಿ ಅಂದೆ. ಕೆಲಸ ತೆಗೀರಿ ಅಂತ ಯಾರಾದ್ರೂ..."

ಅವನ ಮುಖ ಬಿಳುಚಿಕೊಂಡಿತು. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮತ್ತದೇ... ಬೆರಳು ನಡುಗಿತು. ತಣ್ಣನೆಯ ಬೆವರು. ಎದೆ ಡವಡವ...

ಈ ಸಲ ಜೀವನ್ ನಗಲಿಲ್ಲ. ತಟ್ಟನೆ ಸ್ಟೂಲ್ ಎಳೆದು ಕೂರಿಸಿದ. ಮುನಿತಾಯಮ್ಮ ಮೀಟರ್ ತೆಗೆದರು.

ನೂರಾ ಹದಿನಾರು.

"ನೋಡ್ರಿ, ಮತ್ತ ನಾರ್ಮಲ್! ಈಗ ನೀವೂ ನಾಟಕ ಅಂತೀರಿ..." ಉಮಾಶ್ರೀ ಬಿಕ್ಕಿದಳು.

ಮುನಿತಾಯಮ್ಮ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು, ಅವಳ ನಡುಗುವ ಕೈಯನ್ನು ತಮ್ಮ ಎರಡೂ ಕೈಯೊಳಗೆ ತಗೊಂಡರು.

"ಯಾರವ್ವ ನಾಟಕ ಅಂದೋರು? ನಂಗೂ ಹಿಂಗೇ ಆಗಿತ್ತು ಕಣವ್ವ! ಶುಗರ್ ಇಳಿಸಿದ ಹೊಸದ್ರಲ್ಲಿ ಮೈಯೆಲ್ಲ ಗಡಗಡ. ನಮ್ಮೆಜಮಾನ್ರು ಪ್ರೀತಿಯಿಂದ ದಿನಾ ಮೈಸೂರ್ ಪಾಕ್ ತಂದು ತಿನ್ನಿಸ್ಬುಟ್ರು. ಒಂದು ತಿಂಗಳಲ್ಲಿ ಶುಗರ್ ನಾನೂರಕ್ಕೆ ಏರಿ, ಕಾಲಲ್ಲಿ ಹುಣ್ಣಾಗಿ ಮೂರು ತಿಂಗಳು ಮಂಚ ಹಿಡಿದೆ!"

"ಅಂದ್ರ... ಇದು ನಿಜಾನಾ?"

"ನಿಜ," ಎಂದ ಜೀವನ್ ಮೆಲ್ಲಗೆ. "ನಡುಕನೂ ನಿಜ, ಮೀಟರೂ ನಿಜ. ನಿನ್ನೆ ನಾನು ನಕ್ಕಿದ್ದು ಭಯ ಹೋಯ್ತಲ್ಲ ಅಂತ. ಆದ್ರೆ ನಿಮ್ಮ ಕೈ ಇನ್ನೂ ನಡುಗ್ತಾ ಇತ್ತು. ಅದನ್ನ ನೋಡದೆ ಏನೂ ಆಗಿಲ್ಲ ಅಂದುಬಿಟ್ಟೆ. ತಪ್ಪಾಯ್ತು ಮೇಡಂ."

ಇಷ್ಟು ದಿನದಲ್ಲಿ ಅವಳಿಗೆ 'ನಿಜ' ಎಂದವರು ಇವರಿಬ್ಬರೇ. ಉಮಾಶ್ರೀ ಮುಖ ಮುಚ್ಚಿಕೊಂಡು, ಎರಡು ತಿಂಗಳು ಕಟ್ಟಿಟ್ಟಿದ್ದ ಅಳುವನ್ನೆಲ್ಲ ಆ ಪೇಂಟ್ ಅಂಗಡಿಯಲ್ಲಿ ಅತ್ತುಬಿಟ್ಟಳು.

*

ಆ ಸಂಜೆಯೇ ಮುನಿತಾಯಮ್ಮ ಅವಳನ್ನು ಬಸವೇಶ್ವರನಗರದಲ್ಲಿದ್ದ ತಮ್ಮ ಡಾಕ್ಟರ್ ಬಳಿ ಕರೆದುಕೊಂಡು ಹೋದರು.

ಡಾಕ್ಟರಮ್ಮ ಎಲ್ಲ ಕೇಳಿ ಹೇಳಿದರು. "ನಿಮ್ಮ ದೇಹ ಎರಡು ವರ್ಷ ಮುನ್ನೂರಕ್ಕೆ ಒಗ್ಗಿಹೋಗಿದೆ. ಈಗ ನೂರಕ್ಕೆ ಬಂದ್ರೆ, ಅಯ್ಯೋ ಕಡಿಮೆಯಾಯ್ತು ಅಂತ ಗಾಬರಿ ಬೀಳ್ತಾ ಇದೆ. ನಡುಕ ಬಂದಾಗ ಪ್ರತಿ ಸಲ ಮೀಟರ್ ನೋಡಿ. ಎಪ್ಪತ್ತಕ್ಕಿಂತ ಕೆಳಗಿದ್ರೆ ತಡಮಾಡದೆ ಸಿಹಿ ತಗೊಳ್ಳಿ. ಸರಿಯಾಗಿದ್ರೆ ಕೂತ್ಕೊಳ್ಳಿ, ನೀರು ಕುಡೀರಿ, ಬೇಕಾದ್ರೆ ಒಂದು ಹಿಡಿ ಕಡಲೆ. ಹದಿನೈದು ನಿಮಿಷ ಕಾದು ಮತ್ತೆ ನೋಡಿ. ಕೆಲವು ವಾರದಲ್ಲಿ ದೇಹ ಹೊಸ ಲೆಕ್ಕಕ್ಕೆ ಒಗ್ಗುತ್ತೆ. ನಾವೂ ನಿಧಾನಕ್ಕೇ ಇಳಿಸೋಣ. ಅಲ್ಲೀತನಕ ಗಾಡಿ ಮಾತ್ರ ನೀವು ಓಡಿಸ್ಬೇಡಿ. ನಿಂತು ಕಲಿಸಿ."

ಪತ್ರ ಸಿಕ್ಕಿತು. ಜೀವನ್ ತಾನೇ ಸೇತುರಾಮನ ಬಳಿ ಹೋಗಿ, ಆದ ಎಡವಟ್ಟು ವಿವರಿಸಿದ. ಕೆಲಸವೂ ಮರಳಿ ಸಿಕ್ಕಿತು.

ಆದರೆ ಹದಿನೈದು ನಿಮಿಷ ಸುಮ್ಮನೆ ಕೂರುವುದು ಸುಲಭವೇ? ಮೈಯೆಲ್ಲ 'ಸತ್ತೆ, ಸತ್ತೆ' ಎಂದು ಕೂಗುತ್ತಿರುವಾಗ!

"ನಾನು ಪಕ್ಕದಲ್ಲಿ ಕೂತಿರ್ತೀನಿ," ಎಂದ ಜೀವನ್. "ಹೆಂಗೂ ಅಮ್ಮನ ಕ್ಲಾಸಿಗೆ ಬರ್ತೀನಲ್ಲ."

"ಕನಿಕರಕ್ಕ ಬರೂದಿದ್ರ ಬ್ಯಾಡ್ರಿ."

"ಕನಿಕರ ಅಲ್ಲ ಮೇಡಂ. ಮೊನ್ನೆ ನಕ್ಕಿದ್ದಕ್ಕೆ ದಂಡ!"

ಅವಳಿಗೆ ನಗು ಬಂತು.

ಹಾಗೆ ಶುರುವಾಯಿತು ಆ ಹದಿನೈದು ನಿಮಿಷ. ಮೈದಾನದ ಹೊಂಗೆ ಮರದ ಕೆಳಗೆ ಇಬ್ಬರೂ ಕೂರುವರು. ಅವಳು ನಡುಗುವಳು, ಅವನು ಮಾತಾಡುವನು.

"ನಮ್ಮ ಅಂಗಡಿಗೆ ಹನುಮಯ್ಯ ಅಂತ ಒಬ್ರು ಬರ್ತಾರೆ. ನಾಲ್ಕು ಸಲ ಬಣ್ಣ ವಾಪಸ್ ತಂದ್ರು. ಯಾವ ಬಣ್ಣ ಬೇಕು ಸಾರ್ ಅಂದ್ರೆ, ನನ್ ಹೆಂಡ್ತಿ ಬೈಯದೇ ಇರೋ ಬಣ್ಣ ಕೊಡಪ್ಪ ಅಂದ್ರು!"

"ಕೊಟ್ರೇನು?"

"ಅಂಥ ಬಣ್ಣ ಕಂಪನಿಯವ್ರು ಇನ್ನೂ ಮಾಡಿಲ್ಲ!"

ಅವಳು ನಡುಗುತ್ತಲೇ ನಕ್ಕಳು. ನಗುತ್ತಾ ನಗುತ್ತಾ ನಡುಕ ಯಾವಾಗ ನಿಂತಿತೋ ತಿಳಿಯಲಿಲ್ಲ. ಬಿಸ್ಕತ್ತಿನ ಪ್ಯಾಕೆಟ್ ಚೀಲದಲ್ಲೇ ಉಳಿಯಿತು.

ಇನ್ನೊಂದು ದಿನ ಅವಳು ಹೇಳಿದಳು, ಗದಗದ ಸಂಬಂಧ ಮುರಿದ ಕತೆ. ಅವನು ಈ ಸಲ ತಮಾಷೆ ಮಾಡಲಿಲ್ಲ. ಅವಳ ಕಡೆ ತಿರುಗಿ ಕೂತು ಕೇಳಿದ.

"ನಿಜ ಹೇಳೋಕೆ ಭಯ ಆಗ್ಲಿಲ್ವಾ?"

"ಆತು. ಆದ್ರ ಸುಳ್ಳು ಹೇಳಿ ಹ್ಯಾಂಗ ಬಾಳ್ವೆ ಮಾಡೂದ್ರಿ?"

ಜೀವನ್ ಅವಳನ್ನೇ ನೋಡಿದ. ಅವನೊಳಗೆ ಏನೋ ಅಲ್ಲಾಡಿತು. ಅದನ್ನು ಅಳೆಯುವ ಮೀಟರ್ ಯಾರ ಚೀಲದಲ್ಲೂ ಇರಲಿಲ್ಲ!

ವಾರಗಳು ಉರುಳಿದವು. ನಡುಕ ಹತ್ತು ನಿಮಿಷಕ್ಕೆ ಇಳಿಯಿತು, ಆಮೇಲೆ ಐದಕ್ಕೆ. ನಾಲ್ಕನೆಯ ವಾರ ಮೀಟರ್ ನೂರಾ ಹನ್ನೆರಡು ತೋರಿಸಿದಾಗ ಅವಳ ಕೈ ಗೋಡೆಗೆ ಹೊಡೆದ ಮೊಳೆಯಂತೆ ಗಟ್ಟಿಯಾಗಿತ್ತು. ಡಾಕ್ಟರಮ್ಮ ಗಾಡಿ ಓಡಿಸಲು ಒಪ್ಪಿಗೆ ಕೊಟ್ಟರು. ಅದೇ ವಾರ ಮುನಿತಾಯಮ್ಮ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದು ಇಡೀ ಬೀದಿಗೆ ಕೋಸಂಬರಿ ಹಂಚಿದರು.

ಎಲ್ಲವೂ ಸರಿಯಾಯಿತು.

ಮರುದಿನದಿಂದ ಜೀವನ್ ಮೈದಾನಕ್ಕೆ ಬರಲಿಲ್ಲ.

*

ಒಂದು ದಿನ... ಎರಡು ದಿನ... ಐದು ದಿನ.

ಹೊಂಗೆ ಮರದ ಕೆಳಗೆ ಕೂತರೆ ಉಮಾಶ್ರೀಗೆ ಏನೋ ಕಳೆದುಕೊಂಡ ಹಾಗೆ. 'ಆರಾಮಾದಾಕಿ ಹತ್ರ ಅವರಿಗೇನು ಕೆಲಸ? ದಂಡ ತೀರಿತು, ಹೋದ್ರು.' ಹೀಗೆ ತನಗೆ ತಾನೇ ಹೇಳಿಕೊಂಡಳು. ಮನಸ್ಸು ಒಪ್ಪಲಿಲ್ಲ.

ಆರನೆಯ ದಿನ ಮಧ್ಯಾಹ್ನ ಪೇಂಟ್ ಅಂಗಡಿಯ ಮೆಟ್ಟಿಲು ಹತ್ತಿದಳು.

"ಬಣ್ಣ ಬೇಕಿತ್ತು."

ಜೀವನ್ ಕೈಯಲ್ಲಿದ್ದ ಬ್ರಷ್ ಕೆಳಗೆ ಬಿತ್ತು. "ಯಾವ... ಯಾವ ಗೋಡೆಗೆ?"

"ನನ್ನ ಕೋಣಿ ಗ್ವಾಡಿಗೆ."

"ನಿಮ್ಮ ಮನೆ ಓನರ್ ಮೊಳೆ ಹೊಡೆಯೋಕೂ ಬಿಡಲ್ಲ ಅಂದಿದ್ರಿ!"

ಸಿಕ್ಕಿಬಿದ್ದಳು! ಉಮಾಶ್ರೀ ತಲೆ ತಗ್ಗಿಸಿದಳು. ಆಮೇಲೆ ಥಟ್ಟನೆ ತಲೆಯೆತ್ತಿ ಕೇಳಿದಳು.

"ಯಾಕ ಬರಲಿಲ್ಲ ನೀವು?"

ಅವನು ಕೈಯ ಬಣ್ಣವನ್ನು ಬಟ್ಟೆಗೆ ಒರೆಸಿದ. ಮತ್ತೆ ಮತ್ತೆ ಒರೆಸಿದ.

"ನೀವು ನಡುಗುವಾಗ ಬರೋಕೆ ಒಂದು ಕಾರಣ ಇತ್ತು. ಈಗ ಬಂದ್ರೆ... ನಿಮ್ಮ ಕಷ್ಟದಲ್ಲಿ ಹತ್ರ ಆಗಿ ಸಲುಗೆ ತಗೊಂಡ ಅಂತ ಅನ್ಕೋತೀರೇನೋ ಅಂತ. ಕನಿಕರ ಬೇಡ ಅಂದಿದ್ರಲ್ಲ."

"ಕನಿಕರ ಇತ್ತೇನು?"

"ಮೊದಲನೇ ದಿನವೂ ಇರ್ಲಿಲ್ಲ! ನನಗೆ ನೀವು ಇಷ್ಟ. ಬೆಳಿಗ್ಗೆ ಎದ್ರೆ ನಿಮ್ಮ ಹತ್ರ ಹೇಳೋಕೆ ಒಂದು ಕತೆ ಹುಡುಕ್ತೀನಿ. ಐದು ದಿನದ ಕತೆ ಹಾಗೇ ಉಳಿದಿದೆ."

ಉಮಾಶ್ರೀಯ ಕಣ್ಣು ತುಂಬಿತು. ಸಂತೋಷದ ಬೆನ್ನಿಗೇ ಹಳೆಯ ಭಯವೂ ಬಂದು ನಿಂತಿತು.

"ಈ ಬ್ಯಾನಿ ಜೀವನ ಪೂರ್ತಿ ಇರತೈತ್ರಿ. ನಾಳೆ ಮಕ್ಕಳು ಮರಿ ಅಂದ್ರ ಚಿಂತಿ. ನಿಮ್ಮ ಮನ್ಯಾಗ ಆಗಲೇ ಒಬ್ರು ಅದಾರ. ಎರಡನೇದಾಕಿ ಯಾಕ ಬೇಕು?"

"ಅದಕ್ಕೇ ಗೊತ್ತಿರೋದು ನನಗೆ. ಹದಿನೆಂಟು ವರ್ಷದಿಂದ ನೋಡಿದೀನಿ. ನಮ್ಮಮ್ಮ ಮಾತ್ರೆ ತಗೋತಾರೆ, ನನ್ನ ಬೈತಾರೆ, ಅರವತ್ತಕ್ಕೆ ಸ್ಕೂಟರ್ ಕಲೀತಾರೆ. ಶುಗರ್ ಇರೋರು ಹೇಗೆ ಬಾಳ್ತಾರೆ ಅಂತ ಯಾರೂ ನನ್ನ ಹೆದರಿಸೋಕಾಗಲ್ಲ. ನೀವು ಇಲ್ಲದೆ ಹೇಗೆ ಬಾಳೋದು ಅಂತ ಮಾತ್ರ ಈ ಐದು ದಿನದಿಂದ ಭಯ."

ಒಳಗಿನ ಕೋಣೆಯಿಂದ ಮುನಿತಾಯಮ್ಮನ ದನಿ ಬಂತು.

"ಹೂಂ ಅನ್ನು ಕಣವ್ವ! ಐದು ದಿನದಿಂದ ಸಾರಿಗೆ ಉಪ್ಪು ಐತೋ ಇಲ್ವೋ ನೋಡ್ದಂಗೆ ಉಣ್ತಾವ್ನೆ! ನಿಮ್ಮವ್ವನ ನಂಬರ್ ಕೊಡು, ನಾನ್ ಮಾತಾಡ್ತೀನಿ!"

ಇಬ್ಬರೂ ನಕ್ಕುಬಿಟ್ಟರು. ಆ ಮಧ್ಯಾಹ್ನವೇ ಮುನಿತಾಯಮ್ಮ ಮತ್ತು ಕಸ್ತೂರೆವ್ವ ಮುಕ್ಕಾಲು ಗಂಟೆ ಫೋನ್‌ನಲ್ಲಿ ಮಾತಾಡಿದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ಅರ್ಥವಾಗಲಿಲ್ಲ. ಆದರೂ ಕೊನೆಗೆ ಇಬ್ಬರೂ ಆನಂದದಿಂದ ಅತ್ತರು.

ಸಂಜೆ ಜೀವನ್ ಅವಳನ್ನು ಬೀದಿಯ ತಿರುವಿನವರೆಗೆ ಬಿಡಲು ಬಂದ. ಹೂವಿನ ಅಂಗಡಿಯ ಮುಂದೆ ನಿಂತು ಒಂದು ಮೊಳ ಕಾಕಡ ಕೊಂಡು, ಕೊಡುವುದೋ ಬೇಡವೋ ಎಂದು ಹಿಡಿದೇ ನಿಂತ. ಅವಳೇ ಕೈಚಾಚಿ ತಗೊಂಡು ಮುಡಿದಳು.

"ಇನ್ನು ನನಗ ಮೇಡಂ ಅನಬ್ಯಾಡ್ರಿ. ಉಮಾ ಅನ್ರಿ ಸಾಕು."

"ಸರಿ, ಉಮಾ. ಹಾಗಾದ್ರೆ ನೀನೂ ನನಗೆ 'ರೀ' ಅನ್ನೋದು ಬಿಡ್ಬೇಕು."

"ಅದು ಬಿಡಂಗಿಲ್ಲ."

"ಯಾಕೆ?"

ಉಮಾಶ್ರೀ ನಾಲ್ಕು ಹೆಜ್ಜೆ ಮುಂದೆ ನಡೆದು, ತಿರುಗಿ ನಿಂತು ನಕ್ಕಳು.

"ಇಷ್ಟು ದಿನ ಊರ ಮಂದಿಗೆಲ್ಲ 'ರೀ' ಅಂದೀನಿ. ಇವತ್ತಿನಿಂದ ಅನ್ನೂದು ಬ್ಯಾರೆ 'ರೀ'... ತಿಳೀತೇನ್ರೀ?"

ಜೀವನ್‌ಗೆ ತಿಳಿಯಿತು.